ದೀಪ ಹಿಡಿದವರು ಅಲ್ಲಾಡಬಾರದು

ನಿನಗೆ ಮೆಚ್ಚಿದ್ದು ಯಾವುದು ಎಂದು ನನ್ನ ತಮ್ಮನನ್ನು ಯಾರೂ ಕೇಳಬಾರದು. ಕೇಳಿದವರು ಕೂತಲ್ಲಿಂದ ಏಳುವ ಹೊತ್ತಿಗೆ ಒಲೆಯ ಮೇಲಿದ್ದದ್ದು ಸೀದು ಕರಕಲಾಗಿರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ, ಬಾಮೈದನ ಹತ್ತಿರ ಏನಾದರೂ ಮಾತಾಡಬೇಕಲ್ಲ ಎಂದು, ಬಾಯಿ ತಪ್ಪಿ ಈ ಪ್ರಶ್ನೆ ಕೇಳಿಬಿಟ್ಟರು. ಆಮೇಲೆ ಅಡುಗೆಮನೆಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದು, "ನಿನ್ನ ತಮ್ಮನ ಸ್ವಿಚ್ಚು ಎಲ್ಲಿದೆ?" ಅಂದರು.

ಅವನಿಗೆ ಮೆಚ್ಚಿದ ಸಿನಿಮಾ ಒಂದಿದೆ. ಚಂದ್ರನ ಮೇಲೆ ದೀಪಸ್ತಂಭ ಕಾಯುವ ಒಬ್ಬ ಮುದುಕಿಯ ಕಥೆ. ಅರ್ಧ ಸಿನಿಮಾ ಮುಗಿಯುವವರೆಗೆ ಆ ಮುದುಕಿ ಗಾಜು ಒರೆಸುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಗಾಜು ಒರೆಸುವುದನ್ನು ನೋಡಬೇಕೆಂದಿದ್ದರೆ ನಮ್ಮ ಮನೆಯ ಕಿಟಕಿಗಳೇ ಇದ್ದವಲ್ಲ, ಬಟ್ಟೆ ತಗೊಂಡು ಶುರು ಮಾಡು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಮೆಚ್ಚಿದ ಪುಸ್ತಕ, ನದಿಗಳು ಬೆಟ್ಟ ಹತ್ತಿ ಹರಿಯುವ ಯಾವುದೋ ಗ್ರಹದಲ್ಲಿ ಮನೆಮನೆಗೆ ಕಾಗದ ಹಂಚುವ ಅಂಚೆಯವಳದ್ದು. ದಿಂಬಿನಷ್ಟು ದಪ್ಪದ ಸಂಪುಟಗಳು. ಒಂದು ಪ್ರತಿ ಓದುವುದಕ್ಕೆ, ಒಂದು ಜೋಪಾನವಾಗಿಡುವುದಕ್ಕೆ, ಇನ್ನೊಂದು ಯಾರಾದರೂ ಕೇಳಿದರೆ ಕೊಡುವುದಕ್ಕೆ. ಮೂರನೆಯದನ್ನು ಇದುವರೆಗೆ ಯಾರೂ ಕೇಳಿಲ್ಲ.

ಇನ್ನು ಸಂಗೀತ. ಎಲ್ಲರ ಹಾಗೆ ಯಾರಾದರೂ ಒಬ್ಬ ಗಾಯಕನೋ ಗಾಯಕಿಯೋ ಇಷ್ಟವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇವನಿಗೆ ಹಳೆಯ ವಿಡಿಯೋ ಗೇಮುಗಳೊಳಗಿನ ಟ್ಯೂನುಗಳೇ ಬೇಕು. ಕೆಟ್ಟುಹೋದ ಕರೆಗಂಟೆಯ ಹಾಗೆ ಕೀಂಯ್ ಕೀಂಯ್ ಎನ್ನುವ ಆ ಸದ್ದನ್ನು ಕಣ್ಣು ಮುಚ್ಚಿ ತಲೆದೂಗಿಕೊಂಡು ಕೇಳುತ್ತಾನೆ. ನಲವತ್ತು ದಾಟಿದೆ, ಕಿವಿಯ ಮೇಲೆ ಕೂದಲು ನರೆತಿದೆ, ಇನ್ನೂ ಇದೇ ಕಥೆ.

ಗೇಮುಗಳಲ್ಲಿ ಎಲ್ಲಕ್ಕಿಂತ ಮೆಚ್ಚಿದ್ದು ಒಂದು ಗಣಿಯ ಆಟ. ಅದರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅದನ್ನು ಅವನ ಜೊತೆ ಆಡಿದವಳು ನಾನೇ. ನಾವು ಚಿಕ್ಕವರಿದ್ದಾಗ ಮನೆಯಲ್ಲಿದ್ದ ಹಳೇ ಟೀವಿಗೆ ವೈರು ಸಿಕ್ಕಿಸಿ ಆಡುತ್ತಿದ್ದೆವು. ಇಬ್ಬರು ನೆಲದೊಳಗೆ ಇಳಿಯಬೇಕು. ಒಬ್ಬರು ಅಗೆಯುವುದು, ಇನ್ನೊಬ್ಬರು ಲಾಂದ್ರ ಹಿಡಿಯುವುದು. ಅಗೆಯುತ್ತಿರುವಾಗ ಲಾಂದ್ರದವರು ಒಂದು ಹೆಜ್ಜೆ ಆಚೀಚೆ ಇಟ್ಟರೂ ದೀಪ ಹೊಯ್ದಾಡುತ್ತದೆ, ಕತ್ತಲಾಗುತ್ತದೆ, ಅಗೆಯುವವನ ತಲೆಯ ಮೇಲೆ ಮಣ್ಣು ಕುಸಿಯುತ್ತದೆ. ಅಗೆಯುವ ಕೆಲಸ ಅವನದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಾಡದೆ ನಿಲ್ಲುವ ಕೆಲಸ ಅಕ್ಕನದ್ದು. ಏನೂ ಮಾಡದೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಹಂತ ದಾಟಿದರೆ ಒಂದು ಪುಟ್ಟ ಟ್ಯೂನು ಬರುತ್ತಿತ್ತು. ಅದರಲ್ಲಿ ಕೆಲವು ಸ್ವರ ಅಗೆಯುವವನದ್ದು, ಕೆಲವು ದೀಪದವರದ್ದು. ಅವನದ್ದು ಒಂದಿಷ್ಟು ನುಡಿದು ನಿಲ್ಲುತ್ತದೆ, ನಡುವೆ ನನ್ನದು ತೂರಿಕೊಳ್ಳುತ್ತದೆ, ಮತ್ತೆ ಅವನದ್ದು. ಲಾಂದ್ರದ ಎಣ್ಣೆ ತೀರುತ್ತಾ ಬಂದರೆ ಬೇರೆ ಟ್ಯೂನು. ಅದಕ್ಕೆ ಎರಡೇ ಸ್ವರ, ಟೂಂ, ಟೂಂ ಎಂದು ನಿಧಾನಕ್ಕೆ ಬರುತ್ತಿತ್ತು, ಅದು ಕೇಳಿಸಿದರೆ ಆಟ ಇನ್ನೇನು ಮುಗಿಯಿತೆಂದೇ ಅರ್ಥ. ನಾನು ಹೊಲಿಗೆ ಕಲಿಯಲು ಹೋಗತೊಡಗಿದ ಮೇಲೆ ಆಟ ಬಿಟ್ಟೆ. ಅವನು ಆ ಎರಡು ಟ್ಯೂನುಗಳನ್ನು ಬಿಡಲಿಲ್ಲ. ಉಕ್ಕುವ ಮೊದಲೇ ಹಾಲಿನ ಪಾತ್ರೆ ಇಳಿಸಿದರೆ ಹಂತ ದಾಟಿದ ಟ್ಯೂನು ಗುನುಗುತ್ತಾನೆ. ಓಡಿಹೋಗಿ ಬಸ್ಸು ಹಿಡಿದರೆ ಅದೇ. ಪರೀಕ್ಷೆ ಕೆಟ್ಟರೆ, ಬೆಳಗಿನ ಹೊತ್ತಲ್ಲಿ ನಲ್ಲಿಯಲ್ಲಿ ನೀರು ನಿಂತರೆ, ಟೂಂ ಟೂಂ. ಗುನುಗುವುದು ಅವನಿಗೇ ಗೊತ್ತಾಗುವುದಿಲ್ಲ. ಹಂತ ದಾಟಿದ ಟ್ಯೂನನ್ನು ಗುನುಗುವಾಗ ತನ್ನ ಸ್ವರಗಳನ್ನಷ್ಟೇ ಗುನುಗಿ, ದೀಪದ ಸ್ವರಗಳು ಬರಬೇಕಾದ ಕಡೆ ಸುಮ್ಮನಾಗಿ, ಮತ್ತೆ ಶುರು ಮಾಡುತ್ತಾನೆ. ಬಿಕ್ಕಳಿಕೆ ಬಂದವರು ಹಾಡಿದ ಹಾಗಿದೆ ಎನ್ನುತ್ತಾರೆ ನನ್ನ ಗಂಡ.

ಇಂಥವನು ಮಾಡುವ ಕೆಲಸವೇನೆಂದರೆ, ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಆರ್‌ಐ ಸ್ಕ್ಯಾನ್ ಯಂತ್ರ ನಡೆಸುವುದು. ರೋಗಿಯನ್ನು ಒಂದು ಕಿರಿದಾದ ಕೊಳವೆಯೊಳಗೆ ಮಲಗಿಸಿ, ತಾನು ಗಾಜಿನ ಆಚೆ ಕೂತು, ಒಳಗಿನ ಚಿತ್ರ ತೆಗೆಯುತ್ತಾನೆ. ಆ ಕೊಳವೆಯೊಳಗೆ ಹೋಗಲು ಎಂಥ ಗಟ್ಟಿಗರೂ ಹಿಂದೇಟು ಹಾಕುತ್ತಾರೆ. ಸದ್ದು ಬೇರೆ ವಿಪರೀತ. ಇವನು ಅವರಿಗೆ ಇದು ಅಂತರಿಕ್ಷ ನೌಕೆಯ ಮಲಗುವ ಕೋಣೆ, ಆ ಸದ್ದು ಎಂಜಿನ್ನಿನದ್ದು, ನೀವು ಅಲ್ಲಾಡದಿದ್ದರೆ ನೌಕೆ ದಾರಿ ತಪ್ಪುವುದಿಲ್ಲ ಎಂದೆಲ್ಲ ಕಥೆ ಕಟ್ಟಿ ಮಲಗಿಸುತ್ತಾನೆ. ಒಬ್ಬ ಅಜ್ಜ ಹೊರಗೆ ಬಂದ ಮೇಲೆ ಕನ್ನಡಕ ಹಾಕಿಕೊಂಡು ಸುತ್ತ ನೋಡಿ, "ಈಗ ಯಾವ ಗ್ರಹಕ್ಕೆ ಬಂದ್ವಿ?" ಎಂದು ಗಂಭೀರವಾಗಿ ಕೇಳಿದರಂತೆ. ಅಲ್ಲಿನವರೆಲ್ಲ ಇವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ನನಗೆ ನಗು ಬರುತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ಆದರೆ ಯಂತ್ರದ ಕೋಣೆಯಲ್ಲಿ ಅವನು ಗುನುಗುವುದಿಲ್ಲ. ಅದಕ್ಕೆ ಕಾರಣ ಅಮ್ಮ. ಅಮ್ಮನ ತಲೆಯೊಳಗೆ ಗಡ್ಡೆ ಬೆಳೆದಿತ್ತು. ಅವರ ಸ್ಕ್ಯಾನ್ ತೆಗೆದ ಮನುಷ್ಯ ಒಳಗಿನಿಂದ ಹೊರಗೆ ಬಂದಾಗ ಅವನ ಮುಖದ ಮೇಲೆ ಎಲ್ಲವೂ ಇತ್ತು. ಡಾಕ್ಟರು ಬಾಯಿ ಬಿಡುವ ಮೊದಲೇ ನಮಗೆ ತಿಳಿಯಿತು. ಅಮ್ಮನೂ ಆ ಮುಖ ನೋಡಿದರು. "ಯಾಕಪ್ಪಾ, ಮುಖ ಹಾಗೆ ಮಾಡ್ಕೊಂಡಿದ್ದೀಯಾ?" ಎಂದು ಅವನನ್ನೇ ಸಮಾಧಾನ ಮಾಡುವ ಹಾಗೆ ಕೇಳಿದರು. ಆಗ ಕಾಲೇಜಿನಲ್ಲಿದ್ದ ನನ್ನ ತಮ್ಮ, ಅಮ್ಮ ಹೋದ ಮೇಲೂ ಅದನ್ನು ಮರೆಯಲಿಲ್ಲ. ಈ ಕೆಲಸಕ್ಕೆ ಸೇರಿದ ದಿನದಿಂದ ಅವನದ್ದು ಒಂದೇ ಮಾತು. "ಒಳಗೆ ಕಂಡಿದ್ದನ್ನ ಹೇಳೋರು ಡಾಕ್ಟರು. ನಾನಲ್ಲ. ನನ್ನ ಮುಖಾನೂ ಅಲ್ಲ." ಗುನುಗು ಕೂಡ ಗುಟ್ಟು ಬಿಟ್ಟುಕೊಟ್ಟೀತೆಂದು, ಯಂತ್ರದ ಮುಂದೆ ಕೂತರೆ ಅವನ ತುಟಿ ಬಿಗಿ, ಮುಖ ಕಲ್ಲು.

ಹೀಗಿರುವಾಗ ನನ್ನ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು.

ಮೊದಮೊದಲು ನನ್ನ ಹೊಲಿಗೆ ಅಂಗಡಿಯ ಯಂತ್ರದ ಮೋಟರು ಕೆಟ್ಟಿದೆ ಅಂದುಕೊಂಡೆ. ಎಣ್ಣೆ ಬಿಟ್ಟೆ, ಬೆಲ್ಟು ಬದಲಾಯಿಸಿದೆ. ಯಂತ್ರ ನಿಲ್ಲಿಸಿದ ಮೇಲೂ ಸದ್ದು ನಿಲ್ಲಲಿಲ್ಲ. ಅಂಗಡಿಗೆ ಬಂದವರು ಎಡಗಡೆ ನಿಂತು ತೋಳಿನ ಅಳತೆ ಹೇಳಿದರೆ ನಾನು ಅವರ ಬಾಯಿಯನ್ನೇ ನೋಡುವಂತಾಯಿತು. ಆಮೇಲೆ ಎಡಗೆನ್ನೆ ಆಗಾಗ ಜೋಮು ಹಿಡಿಯತೊಡಗಿತು. ಕಿವಿಯ ಡಾಕ್ಟರು ನೋಡಿ, ಕಿವಿಯ ನರದ ಮೇಲೆ ಏನಾದರೂ ಬೆಳೆದಿದೆಯೋ ಹೇಗೆ, ತಲೆಯ ಸ್ಕ್ಯಾನ್ ಮಾಡಿಸಿಬಿಡಿ ಅಂದರು. ಬೆಳೆದಿದೆಯೋ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ನನಗೆ ಅಮ್ಮ ನೆನಪಾದರು. ಅಮ್ಮನಿಗೂ ಶುರುವಾದದ್ದು ಒಂದು ಬದಿಯ ಜೋಮಿನಿಂದಲೇ.

ನಾನು ತಮ್ಮನಿಗೆ ಹೇಳಲಿಲ್ಲ. ಬೇರೊಂದು ಸ್ಕ್ಯಾನ್ ಕೇಂದ್ರಕ್ಕೆ ಹೋಗಿ ಮಲಗಿದೆ. ತಲೆಗೆ ಪಂಜರದಂಥದ್ದನ್ನು ಹಾಕಿ, ಕೈಗೆ ರಬ್ಬರಿನ ಚೆಂಡು ಕೊಟ್ಟು, ಭಯವಾದರೆ ಇದನ್ನು ಒತ್ತಿ ಅಂದರು. ಮೂಗಿನ ತುದಿಗೇ ಕೊಳವೆಯ ಗೋಡೆ. ಯಂತ್ರ ಶುರುವಾಗುವ ಮೊದಲೇ ಒತ್ತಿಬಿಟ್ಟೆ. ಹೊರಗೆ ಎಳೆದರು, ಸಮಾಧಾನ ಹೇಳಿ ಮತ್ತೆ ತಳ್ಳಿದರು, ಮತ್ತೆ ಒತ್ತಿದೆ. ನಿದ್ದೆಯ ಮದ್ದು ಕೊಟ್ಟು ಮಲಗಿಸೋಣವೆಂದರೆ ನನ್ನ ಉಬ್ಬಸ ಅಡ್ಡ ಬಂತು. ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೀಗ ಹಾಕದೆ ಕೂತವರು ನನ್ನ ಗಂಡ. ಮರುದಿನವೇ ತಮ್ಮ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದ.

"ನನಗೆ ಹೇಳದೆ ಬೇರೆ ಕಡೆ ಹೋಗಿದ್ಯಂತೆ."

"ಹೌದು. ನಿನ್ನ ಹತ್ರಾನೇ ಬರಬೇಕು ಅಂತ ಕಾನೂನಿದ್ಯಾ?"

ಅವನು ಕತ್ತರಿಸಿದ ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತ. "ಯಾಕೆ ಅಕ್ಕ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀನು ಮೊದಲು ನೋಡಬಾರದು ಅಂತ," ಅಂದೆ. "ನೋಡಿಬಿಟ್ಟು, ಡಾಕ್ಟರು ಹೇಳೋವರೆಗೂ ನನ್ನೆದುರು ಕಲ್ಲಿನ ಹಾಗೆ ಕೂತಿರ್ತೀಯಲ್ಲ, ಅದು ನಿನಗೆ ಬೇಡ. ನನಗೂ ಬೇಡ."

ಅವನು ಬಿಚ್ಚಿಕೊಂಡಿದ್ದ ದಾರದ ಉಂಡೆಯೊಂದನ್ನು ಎತ್ತಿ ಸುತ್ತತೊಡಗಿದ. "ಯಾರಾದ್ರೂ ಒಬ್ರು ಮೊದಲು ನೋಡ್ಲೇಬೇಕು," ಅಂದ. "ನಾನೇ ನೋಡ್ತೀನಿ ಬಿಡು."

ಹೀಗೆ ನಾನು ಅವನ ನೆಲಮಾಳಿಗೆಗೆ ಬಂದೆ. ಗಂಡ ಹೊರಗಿನ ಬೆಂಚಿನ ಮೇಲೆ ಕೂತರು. ನನ್ನ ಬಟ್ಟೆ ಬದಲಾಯಿಸಿ ಆಸ್ಪತ್ರೆಯ ಗೌನು ಹಾಕಿಕೊಂಡೆ. ಆ ಕೋಣೆಗೆ ಲೋಹದ ಚೂರೂ ಹೋಗುವ ಹಾಗಿಲ್ಲ, ಯಂತ್ರ ದೊಡ್ಡ ಅಯಸ್ಕಾಂತ, ಎಳೆದುಕೊಂಡುಬಿಡುತ್ತದೆ. ಬಳೆ, ಓಲೆ, ತಲೆಯ ಪಿನ್ನು ಎಲ್ಲ ತೆಗೆದಿಟ್ಟಿದ್ದೆ. ಬಾಗಿಲಲ್ಲಿ ತಮ್ಮ ಒಂದು ಕೋಲಿನಂಥದ್ದನ್ನು ಮೈಯುದ್ದಕ್ಕೂ ಆಡಿಸಿದ. ಮೊಣಕಾಲಿನ ಹತ್ತಿರ ಅದು ಕಿರ್ ಅಂದಿತು. ಬಗ್ಗಿ ನೋಡಿದರೆ ಗೌನಿನ ಅಂಚಿನಲ್ಲಿ ಗುಂಡುಸೂಜಿ.

"ಇದು ಎಲ್ಲಿಂದ ಬಂತು?"

"ಅಂಚಿನ ಹೊಲಿಗೆ ಬಿಚ್ಚಿತ್ತು," ಅಂದೆ. "ಹಾಗೇ ಬಿಡೋಕಾಗುತ್ತಾ?"

"ಇಷ್ಟು ವರ್ಷದಲ್ಲಿ ಎಂತೆಂಥೋರೋ ಬಂದಿದ್ದಾರೆ. ಆಸ್ಪತ್ರೆ ಗೌನು ರಿಪೇರಿ ಮಾಡ್ಕೊಂಡು ಬಂದೋಳು ನೀನೊಬ್ಬಳೇ," ಎಂದು ಸೂಜಿ ಕಿತ್ತು ಹೊರಗಿಟ್ಟು ಬಂದ. ಆ ಕ್ಷಣಕ್ಕೆ ಇಬ್ಬರಿಗೂ ನಗು ಬಂತು. ನನ್ನ ತೋಳಿಗೆ ಮದ್ದು ಏರಿಸುವ ಪ್ಲಾಸ್ಟಿಕ್ ನಳಿಕೆ ಹಾಕಿ ಪಟ್ಟಿ ಅಂಟಿಸಿದಾಗ, ಕಿವಿಗೆ ಹೆಡ್‌ಫೋನು ಹಾಕಿ ತಲೆಯ ಮೇಲೆ ಪಂಜರ ಕೂರಿಸಿದಾಗ, ಆ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಂಚ ಒಳಕ್ಕೆ ಸರಿಯಿತು. ಕೈ ಆಗಲೇ ರಬ್ಬರಿನ ಚೆಂಡನ್ನು ಬಿಗಿಯಾಗಿ ಹಿಡಿದಿತ್ತು.

ಅವನು ನೌಕೆಯ ಕಥೆ ಶುರು ಮಾಡುತ್ತಾನೆಂದು ಕಾದೆ. ನನಗೆ ನೌಕೆ ಗೀಕೆ ಏನೂ ಬೇಕಾಗಿರಲಿಲ್ಲ, ಹೊರಗೆ ಬರಬೇಕಿತ್ತು. ಹೆಡ್‌ಫೋನಿನಲ್ಲಿ ಅವನ ದನಿ ಬಂತು.

"ಅಕ್ಕ, ಇದು ನೌಕೆ ಅಲ್ಲ. ಗಣಿ. ನೀನು ದೀಪ ಹಿಡ್ಕೋ. ನಾನು ಅಗೀತೀನಿ."

ಅಷ್ಟೇ. ಟಕ ಟಕ ಟಕ ಎಂದು ಯಂತ್ರ ಬಡಿಯತೊಡಗಿತು, ಕಲ್ಲಿಗೆ ಗುದ್ದಲಿ ಬಿದ್ದ ಹಾಗೆಯೇ. ನನ್ನ ಮೈಗೆ ಏನು ಮಾಡಬೇಕೆಂದು ಗೊತ್ತಿತ್ತು. ಬೆರಳುಗಳು ಚೆಂಡಿನ ಮೇಲೆ ಸಡಿಲವಾದವು. ದೀಪ ಹಿಡಿದವರು ಅಲ್ಲಾಡಬಾರದು.

ಬಡಿತ ನಿಂತಾಗ ಮತ್ತೆ ದನಿ ಬಂತು. "ಚೆನ್ನಾಗಿ ಹಿಡಿದಿದ್ದೀಯಾ. ಈಗ ಒಂದು ಕೆಲಸ ಕೊಡ್ತೀನಿ. ನಿನಗೆ ಮೆಚ್ಚಿದ ಸಿನಿಮಾ ಯಾವುದು? ಬಾಯಲ್ಲಿ ಹೇಳ್ಬೇಡ, ಯೋಚನೆ ಮಾಡ್ತಾ ಇರು. ಹೊರಗೆ ಬಂದ ಮೇಲೆ ಕೇಳ್ತೀನಿ."

ನನಗೆ ಮೆಚ್ಚಿದ್ದು ಯಾವುದೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಅಂಗಡಿಗೆ ಬರುವವರಿಗೆ ಯಾವ ಬಣ್ಣ, ಯಾವ ಕುತ್ತಿಗೆ, ಎಷ್ಟು ಉದ್ದ ಇಷ್ಟ ಎಂದು ಕೇಳುವವಳು ನಾನು. ಆ ಸದ್ದಿನ ನಡುವೆ ಹುಡುಕಿದರೆ ನನಗೆ ಸಿಕ್ಕಿದ್ದು ಚಂದ್ರನ ಮೇಲಿನ ಮುದುಕಿ. ಅವನು ನೋಡುವಾಗ ಪಕ್ಕದಲ್ಲಿ ಇಸ್ತ್ರಿ ಮಾಡುತ್ತಾ ಬೈಯುತ್ತಾ ನಾನೂ ಪೂರ್ತಿ ನೋಡಿದ್ದೆ. ಕೊನೆಯಲ್ಲಿ ಅವಳ ದೀಪ ನೋಡಿ ದಾರಿ ತಪ್ಪಿದ ಒಂದು ನೌಕೆ ತಿರುಗಿಕೊಳ್ಳುತ್ತದೆ. ಅಲ್ಲಿ ನನಗೆ ಪ್ರತಿ ಸಲವೂ ಕಣ್ಣು ತುಂಬುತ್ತಿತ್ತು, ಇಸ್ತ್ರಿಯ ಹಬೆ ಎಂದು ಸಬೂಬು ಹೇಳುತ್ತಿದ್ದೆ. ಮುಂದಿನ ಸಲ ಮೆಚ್ಚಿದ ಪುಸ್ತಕ ಯಾವುದೆಂದು ಕೇಳಿದ. ಅದೂ ಸಿಕ್ಕಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅವನು ಆ ಅಂಚೆಯವಳ ಕಥೆಯನ್ನು ಅಮ್ಮನಿಗೆ ಓದಿ ಹೇಳುತ್ತಿದ್ದ, ಕಿಟಕಿಯ ಹತ್ತಿರ ಗುಂಡಿ ಹಚ್ಚುತ್ತಾ ನಾನು ಕೇಳುತ್ತಿದ್ದೆ. ಅಮ್ಮನಿಗೆ ನಿದ್ದೆ ಬಂದರೂ ನಿಲ್ಲಿಸಬೇಡ ಎಂದು ನಾನೇ ಸನ್ನೆ ಮಾಡುತ್ತಿದ್ದೆ. ಆಮೇಲೆ ಗೇಮು. ಅದಕ್ಕೆ ಯೋಚನೆ ಬೇಕಾಗಲಿಲ್ಲ.

"ಈಗ ಸಂಗೀತ," ಅಂದ. ಬಡಿತ ಶುರುವಾಯಿತು, ನಿಂತಿತು. ಈ ಸಲ ಅವನ ದನಿ ಬರಲಿಲ್ಲ.

ಕಾದೆ. ಬರಲಿಲ್ಲ. ಏನೋ ಕಂಡಿದೆ ಅಂದುಕೊಂಡೆ. ಮಂಚ ಹೊರಕ್ಕೆ ಸರಿಯಿತು, ಪಂಜರದ ಸಂದಿಯಲ್ಲಿ ಅವನ ಮುಖ ಕಂಡಿತು. ನನ್ನ ತೋಳಿನ ನಳಿಕೆಗೆ ಒಂದು ಮದ್ದು ಏರಿಸುತ್ತಿದ್ದ.

"ಏನಾದ್ರೂ ಕಾಣಿಸ್ತಾ?" ಎಂದು ಕೇಳಿದೆ.

"ಚಿತ್ರ ಇನ್ನೂ ಸ್ಪಷ್ಟವಾಗಿ ಬರೋಕೆ ಈ ಮದ್ದು. ಡಾಕ್ಟರು ಮೊದಲೇ ಬರೆದಿದ್ರು. ತಲೆ ಆಡಿಸ್ಬೇಡ."

ಆ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ನನ್ನ ಎರಡೂ ಕಣ್ಣುಗಳಿಂದ ಜಾಲಾಡಿದೆ. ಏನೂ ಇರಲಿಲ್ಲ. ಅಪರಿಚಿತರಿಗೆ ತೋರಿಸುವ ಕಲ್ಲನ್ನೇ ನನಗೂ ತೋರಿಸಿದ. ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈ ಖಾಲಿಯಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಮತ್ತೆ ಒಳಗೆ ಹೋದೆ. ಬಡಿತ ಶುರುವಾಯಿತು. ಮೆಚ್ಚಿದ ಸಂಗೀತ ಎಲ್ಲ ಮರೆತೇಹೋಯಿತು. ಬಡಿತದ ಸಂದಿಯಲ್ಲಿ ಟೂಂ, ಟೂಂ ಎನ್ನುವುದು ಎಲ್ಲಿ ಕೇಳಿಬಿಡುತ್ತದೋ ಎಂದು ಇದ್ದ ಒಂದು ಒಳ್ಳೆಯ ಕಿವಿಯನ್ನು ಕೊಟ್ಟು ಮಲಗಿದ್ದೆ. ಅಲ್ಲಾಡಲಿಲ್ಲ. ನನ್ನಿಂದ ಆಗುತ್ತಿದ್ದದ್ದು ಅದೊಂದೇ.

ಬಡಿತ ನಿಂತಿತು. ಹೆಡ್‌ಫೋನಿನಲ್ಲಿ ಕುರ್ಚಿ ಕಿರುಗುಟ್ಟಿದ ಸದ್ದು ಬಂತು. ಯಾರೋ ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ, ಬಹಳ ಸಣ್ಣಗೆ, ಗುನುಗು ಶುರುವಾಯಿತು.

ಒಂದೇ ಸ್ವರಕ್ಕೆ ನನಗೆ ಗೊತ್ತಾಗಲಿಲ್ಲ. ಎರಡನೆಯದು ಬಂತು, ಮೂರನೆಯದು ಮೇಲಕ್ಕೆ ಹೋಯಿತು. ಟೂಂ ಟೂಂ ಅಲ್ಲ. ಗುನುಗು ನಿಂತಿತು, ನನ್ನ ಜಾಗ ಬಿಟ್ಟಿತು, ಮುಂದುವರಿಯಿತು. ಆ ಬಿಟ್ಟ ಜಾಗದಲ್ಲಿ ನನ್ನ ಸ್ವರಗಳನ್ನು ನಾನು ಮನಸ್ಸಿನಲ್ಲೇ ತುಂಬಿದೆ. ಎದೆಯ ಮೇಲೆ ಕೂತಿದ್ದ ಬಂಡೆ ಎದ್ದುಹೋಯಿತು. ಕಣ್ಣೀರು ಎರಡೂ ಬದಿಗೆ ಹರಿದು ಕಿವಿಯೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತುವ ಹಾಗಿರಲಿಲ್ಲ. ಉಸಿರು ತಡೆತಡೆದು ಬಂತು.

ಗುನುಗು ತಟ್ಟನೆ ನಿಂತಿತು. "ಅಕ್ಕ, ಅಲ್ಲಾಡ್ತಿದ್ದೀಯಾ. ಇನ್ನೊಂದೇ ಚಿತ್ರ ಬಾಕಿ ಇದೆ."

ಹಲ್ಲು ಕಚ್ಚಿ ಮಲಗಿದೆ. ಅಷ್ಟು ಸಂತೋಷವನ್ನು ಮೈಯೊಳಗೆ ಇಟ್ಟುಕೊಂಡು ಅಲ್ಲಾಡದೆ ಮಲಗುವುದು, ಅಷ್ಟು ಭಯವನ್ನು ಇಟ್ಟುಕೊಂಡು ಮಲಗಿದ್ದಕ್ಕಿಂತ ಕಷ್ಟವಾಯಿತು.

ಹೊರಗೆ ಎಳೆದು ಪಂಜರ ಬಿಚ್ಚಿದ ಮೇಲೆ ಅವನು ನನ್ನ ಒದ್ದೆ ಕೂದಲು, ಒದ್ದೆ ಕಿವಿ ನೋಡಿದ. "ಯಾಕೆ ಅಳ್ತಿದ್ದೀಯಾ?" ಅಂದ. ನಾನು ಗೌನಿನ ತೋಳಿಗೆ ಕಿವಿ ಒರೆಸಿಕೊಂಡೆ. ಅವನು ತಿರುಗಿ ಗಾಜಿನಾಚೆಯ ತನ್ನ ಮೇಜಿನ ಕಡೆ ನೋಡಿದ. ಅಲ್ಲಿ ಆರಿಸಲು ಮರೆತ ಮೈಕಿನ ಪುಟ್ಟ ದೀಪ ಉರಿಯುತ್ತಲೇ ಇತ್ತು. ಅಮ್ಮನ ಕಾಲದಿಂದ ಕಾಪಾಡಿಕೊಂಡು ಬಂದ ಕಲ್ಲು ನನ್ನ ಕಣ್ಣೆದುರೇ ಪುಡಿಯಾಯಿತು. ಮುಖ ಬಿಳಿಚಿಕೊಂಡಿತು.

"ಅಕ್ಕ," ಅಂದ. "ನಾನೇನಾದ್ರೂ ಗುನುಗಿದ್ನಾ?"

ಅವನು ಎಡಗಡೆ ನಿಂತಿದ್ದ. "ಏನು? ಈ ಕಡೆ ಬಂದು ಹೇಳು," ಅಂದೆ. ಮಂಚವನ್ನು ಸುತ್ತಿಕೊಂಡು ಬಲಗಡೆಗೆ ಬಂದು, ತಪ್ಪು ಮಾಡಿದವನ ಹಾಗೆ ನಿಂತು, ಮತ್ತೆ ಅದನ್ನೇ ಕೇಳಿದ.

"ಇಲ್ಲಪ್ಪ," ಅಂದೆ. "ನನಗೇನೂ ಕೇಳಿಸ್ಲಿಲ್ಲ. ಕಿವಿ ಸರಿಯಿಲ್ಲ ಅಂತ ತಾನೇ ನಾನಿಲ್ಲಿಗೆ ಬಂದಿದ್ದು?"

ಅವನು ಬಗ್ಗಿ ನನ್ನ ಚಪ್ಪಲಿಗಳನ್ನು ಕಾಲಿನ ಹತ್ತಿರ ತಂದಿಟ್ಟ.

ಮಧ್ಯಾಹ್ನದ ಊಟದ ಹೊತ್ತಿಗೆ, ಸ್ಕ್ಯಾನ್ ನೋಡಿ ಹೇಳುವ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ತಮ್ಮ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ. ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿ, "ಗಡ್ಡೆ ಏನೂ ಇಲ್ಲ, ನರ ಚೆನ್ನಾಗಿದೆ. ಕಿವಿ ಒಳಗಿನ ತೊಂದರೆ ಇದು, ಔಷಧಿ ಇದೆ," ಅಂದರು. ಗಂಡ ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟರು. ನಾನು ಆಗ ತಾನೇ ಕೇಳಿದವಳ ಹಾಗೆ ಕಣ್ಣರಳಿಸಿ, ಹೌದಾ ಅಂದೆ. ಜನ್ಮದಲ್ಲಿ ನಾಟಕ ಮಾಡಿದವಳಲ್ಲ, ಏನೋ ಒಂದು ರೀತಿ ನಿಭಾಯಿಸಿದೆ. "ನೀವು ಗಟ್ಟಿ ಮನಸ್ಸಿನವರು," ಅಂದರು ಡಾಕ್ಟರಮ್ಮ. ಬಾಗಿಲ ಕಡೆಯಿಂದ ಒಂದು ಕೆಮ್ಮು ಕೇಳಿಸಿತು.

ಅವನ ಊಟದ ವಿರಾಮವಾಗಿತ್ತು. ನಮ್ಮನ್ನು ಬಿಡಲು ಹೊರಗೆ ಬಂದ. ಗಂಡ ಗಾಡಿ ತರಲು ಮುಂದೆ ಹೋದರು. ಆಸ್ಪತ್ರೆಯ ಗೇಟು ದಾಟಿದ ಮೇಲೆ ತಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿದ. "ಮೂರು ಉತ್ತರ ನನಗೆ ಗೊತ್ತು. ಸಂಗೀತ ಯಾವುದು ಅಂತ ಹೇಳ್ಲೇ ಇಲ್ಲ."

"ನಿನಗೆ ಹೇಗೋ ಗೊತ್ತು, ಮಹಾ?"

"ಇಸ್ತ್ರಿ ಮಾಡ್ತಾ ಅಳ್ತಿದ್ದೆಯಲ್ಲ."

ಇಷ್ಟು ವರ್ಷ ನೋಡಿಯೂ ನೋಡದ ಹಾಗಿದ್ದ, ಕಳ್ಳ. ನಾನು ಸಂಗೀತ ಯಾವುದೆಂದು ಬಾಯಲ್ಲಿ ಹೇಳಲಿಲ್ಲ. "ನೀನು ಶುರು ಮಾಡು," ಅಂದೆ.

ಅವನು ಆ ಕಡೆ ಈ ಕಡೆ ನೋಡಿ ಶುರು ಮಾಡಿದ. ಮೂರನೆಯ ಸ್ವರದ ನಂತರ, ಯಾವತ್ತೂ ನಿಲ್ಲುವ ಕಡೆ ನಿಂತ. ಅಲ್ಲಿ ನಾನು ನನ್ನದನ್ನು ಗುನುಗಿದೆ. ಅವನು ಮುಂದಿನದನ್ನು ಬಿಟ್ಟು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದ, ಆ ಚಂದ್ರನ ಮುದುಕಿಯ ಹಾಗೆ.

"ಅದು ಸ್ವಲ್ಪ ಮೇಲೆ ಬರಬೇಕು ಅಕ್ಕ," ಅಂದ ಕೊನೆಗೆ. "ನೀನು ತಪ್ಪು ಹೇಳ್ದೆ."

"ಬಾಯಿ ಮುಚ್ಕೊಂಡು ಮೊದಲಿಂದ ಶುರು ಮಾಡು," ಅಂದೆ. ಅವನು ಮೊದಲಿಂದ ಶುರು ಮಾಡಿದ.